ಆಲ್ಬಂ ಮುಗಿಯಿತು, ಕಿವಿಗೊಟ್ಟ ಎಲ್ಲರಿಗೂ ಥ್ಯಾಂಕ್ಸ್

ನಿನ್ನೆ ರಾತ್ರಿ ಎಂಟನೇ ಹಾಡಿನ ಕೊನೆಯ ಫೈಲ್ ಕಳಿಸಿದೆ. ಹದಿನಾಲ್ಕು ತಿಂಗಳ ಕೆಲಸ. ಮಲಗುವ ಕೋಣೆಯಲ್ಲೇ ಶುರುವಾಗಿ ಅಲ್ಲೇ ಮುಗಿದ ಆಲ್ಬಂ ಇದು. ಥ್ಯಾಂಕ್ಸ್ ಹೇಳಬೇಕಾದವರು ತುಂಬ ಜನ ಇದ್ದಾರೆ. ಸುಮ್ನೆ ಪಟ್ಟಿ ಹಾಕಿದರೆ ಯಾರು ಏನು ಮಾಡಿದರು ಅಂತ ಗೊತ್ತಾಗುವುದಿಲ್ಲ, ಅದಕ್ಕೇ ಯಾರಿಂದ ಏನು ಕಲಿತೆ ಅನ್ನುವುದನ್ನೇ ಬರೆಯುತ್ತಿದ್ದೇನೆ. ಮನೆಯಲ್ಲಿ ರೆಕಾರ್ಡ್ ಮಾಡಬೇಕು ಅಂತಿರುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಅಕ್ಕ. ಶುರುವಿನ ಎರಡು ತಿಂಗಳು ನಾನು ಹಾಡಿದ್ದೆಲ್ಲ ಡಬ್ಬಿಯೊಳಗಿಂದ ಹಾಡಿದ ಹಾಗೆ ಕೇಳುತ್ತಿತ್ತು. ಮೈಕ್ ಸರಿ ಇಲ್ಲ ಅಂದುಕೊಂಡು ಹೊಸದನ್ನು ಹುಡುಕುತ್ತಾ ಕೂತಿದ್ದೆ. ಅಕ್ಕ ಬಂದು ಕೋಣೆಯ ಮಧ್ಯೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ, "ಹಿಂದೇನೇ ಝಿಣ್ ಅಂತಲ್ಲ, ಕೇಳಿಸ್ತಾ? ನಿನ್ನ ಮೈಕಿಗೂ ಅದೇ ಕೇಳಿಸ್ತಿರೋದು ಕಣೋ" ಅಂದಳು. ಎದುರುಬದುರು ಇರುವ ಬೋಳು ಗೋಡೆಗಳ ನಡುವೆ ಸದ್ದು ಆ ಕಡೆ ಈ ಕಡೆ ಪುಟಿಯುತ್ತಿತ್ತು. ಎಷ್ಟು ಒಳ್ಳೆಯ ಮೈಕ್ ತಂದಿದ್ದರೂ ಅದು ಆ ಝಿಣ್ ಅನ್ನುವುದನ್ನೇ ಇನ್ನೂ ಚೆನ್ನಾಗಿ ಹಿಡಿಯುತ್ತಿತ್ತು, ಅಲ್ವಾ?

ದಪ್ಪ ಕಂಬಳಿಗಳನ್ನು ನೇತುಹಾಕಿದೆವು. ಝಿಣ್ ಅನ್ನುವುದು ಹೋಯಿತು. ಆದರೆ ಗಿಟಾರಿನ ದಪ್ಪ ತಂತಿ ಮೀಟಿದಾಗ ಗುಂ ಅನ್ನುವುದು ಹಾಗೇ ಉಳಿಯಿತು. ಕಾರಣ ಆಮೇಲೆ ಅರ್ಥವಾಯಿತು. 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ ತಗ್ಗು ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ ಇರುತ್ತದೆ. ಕಂಬಳಿಯಾಗಲಿ ಒಂದಿಂಚಿನ ಫೋಮ್ ಆಗಲಿ ಅದಕ್ಕೆ ಲೆಕ್ಕವೇ ಅಲ್ಲ. ಭಾವ ರಜೆಯ ದಿನ ಕೂತು ಮರದ ಚೌಕಟ್ಟು ಮಾಡಿಕೊಟ್ಟರು. ಒಳಗೆ 10 ಸೆಂಟಿಮೀಟರ್ ದಪ್ಪ ರಾಕ್‌ವೂಲ್ (ಕಲ್ಲಿನಿಂದ ಮಾಡಿದ ಉಣ್ಣೆಯಂಥ ಹಾಸು), ಹೊರಗೆ ಅಕ್ಕ ಹೊಲಿದ ಬಟ್ಟೆ. ಅವನ್ನು ಗೋಡೆಗೆ ಅಂಟಿಸದೆ ಸ್ವಲ್ಪ ಜಾಗ ಬಿಟ್ಟು ಮೂಲೆಗಳಲ್ಲಿ ನಿಲ್ಲಿಸಿದೆವು. ಇನ್ನೊಂದು ಸಂಗತಿ, ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿನದನ್ನೇ ಜಾಸ್ತಿ ಕೇಳುತ್ತದೆ, ಹಾಗಾಗಿ ಹಾಡುವವರ ಬೆನ್ನ ಹಿಂದಿನ ಗೋಡೆಯಿಂದ ಪುಟಿದು ಬರುವ ಸದ್ದು ನೇರ ಅದರೊಳಕ್ಕೇ ಹೋಗುತ್ತದೆ. ನಾನು ಕಂಬಳಿಯನ್ನು ಮೈಕ್ ಹಿಂದೆ ಮಾತ್ರ ಹಾಕಿದ್ದೆ. ನನ್ನ ಹಿಂದಕ್ಕೂ ಒಂದು ಹಾಕಿದ ದಿನ ದನಿ ಬೇರೆಯೇ ಆಯಿತು. ಅಕ್ಕಾ, ಭಾವಾ, ಈ ಆಲ್ಬಮ್ಮಿನ ದನಿ ಅರ್ಧ ನಿಮ್ಮ ಕೈಕೆಲಸ.

ತನ್ನ ಶೂರ್ ಎಸ್‌ಎಂ58 ಮೈಕನ್ನು ವರ್ಷಪೂರ್ತಿ ನನ್ನ ಹತ್ತಿರ ಬಿಟ್ಟ ಗೆಳೆಯನಿಗೆ ಥ್ಯಾಂಕ್ಸ್. 1966ರಿಂದ ಇರುವ, ವೇದಿಕೆಯ ಮೈಕ್ ಅಂತಲೇ ಹೆಸರಾದ ಇದರಲ್ಲಿ ಆಲ್ಬಂ ಹಾಡಬಹುದು ಅಂತ ನನಗೆ ಅನ್ನಿಸಿರಲಿಲ್ಲ. ನಾಲ್ಕು ಬೆರಳು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿದು ಹಾಡಿದರೆ ಕೋಣೆ ಹಿಂದೆ ಸರಿಯುತ್ತದೆ, 'ಪ' ಅಂದಾಗ ಉಫ್ ಅನ್ನುವುದೂ ಕಡಿಮೆ. ಹತ್ತಿರ ಹೋದಷ್ಟೂ ದನಿಯ ತಳ ದಪ್ಪವಾಗುತ್ತದೆ, 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದರೆ ಸ್ವಲ್ಪ ಹಗುರಾಗುತ್ತದೆ.

ಈಗ ಕೊಳಲು ನುಡಿಸಿದ ಗೆಳೆಯನ ವಿಷಯ. ಇದನ್ನು ಎಲ್ಲರ ಮುಂದೆ ಹೇಳಲೇಬೇಕು. ಅವನು ದೂರದ ಊರಿನಿಂದ ರೆಕಾರ್ಡ್ ಮಾಡಿ ಕಳಿಸಿದ ಟ್ರ್ಯಾಕ್ ನನ್ನ ಹಾಡಿಗೆ ಕೂರುತ್ತಲೇ ಇರಲಿಲ್ಲ, ಶ್ರುತಿ ಕೆಳಗೆ, ಲಯವೂ ನಿಧಾನ. ನಾನು ಕೊಳಲಿನದ್ದೇ ತಪ್ಪು ಅಂದುಕೊಂಡು ಎರಡು ಸಲ ಮತ್ತೆ ನುಡಿಸಿಸಿದೆ. ಅವನು ಒಂದು ಮಾತೂ ಆಡದೆ ನುಡಿಸಿ ಕಳಿಸಿದ. ಮೂರನೇ ಸಲವೂ ಹಾಗೇ ಆದಾಗ ಉದ್ದ ನೋಡಿದೆ. 4 ನಿಮಿಷದ ಟ್ರ್ಯಾಕ್ 21 ಸೆಕೆಂಡ್ ಜಾಸ್ತಿ ಇತ್ತು! ಅವನು ರೆಕಾರ್ಡ್ ಮಾಡಿದ್ದು 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ 48,000 ಸಲ ದನಿಯ ಅಳತೆ ತೆಗೆದು, ನನ್ನ ಪ್ರಾಜೆಕ್ಟ್ ಇದ್ದದ್ದು 44.1ರಲ್ಲಿ. ತಾನಾಗಿ ಬದಲಾಯಿಸುವ ಸೆಟ್ಟಿಂಗ್ ಅನ್ನು ನಾನೇ ಯಾವಾಗಲೋ ಆಫ್ ಮಾಡಿದ್ದೆ. ಹಾಗಾದಾಗ ಫೈಲ್ ನಿಧಾನವಾಗಿ ಓಡಿ ಶ್ರುತಿ ಹತ್ತಿರಹತ್ತಿರ ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಅವನ ಮೊದಲ ಟೇಕೇ ಅಚ್ಚುಕಟ್ಟಾಗಿತ್ತು, ಆಲ್ಬಮ್ಮಿನಲ್ಲಿ ಈಗ ಇರುವುದೂ ಅದೇ. ಕ್ಷಮಿಸು ಮಾರಾಯ. ಅವತ್ತಿನಿಂದ ಯಾರ ಹತ್ತಿರ ಟ್ರ್ಯಾಕ್ ಕೇಳಿದರೂ ಮೊದಲ ಸಾಲಿನಲ್ಲೇ ಸ್ಯಾಂಪಲ್ ರೇಟ್ ಎಷ್ಟು, ಬಿಟ್ (ಒಂದೊಂದು ಅಳತೆಯ ಸೂಕ್ಷ್ಮತೆ) ಎಷ್ಟು ಅಂತ ಬರೆದು ಕಳಿಸುತ್ತೇನೆ.

ಗಿಟಾರ್ ನುಡಿಸಿದವಳೂ ಇಂಥದ್ದೇ ಒಂದು ಗಂಟು ಬಿಡಿಸಿಕೊಟ್ಟಳು. ಹೆಡ್‌ಫೋನಿನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳುತ್ತಿತ್ತು, ತಾಳ ತಪ್ಪುತ್ತಿದ್ದೆ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಾಗಿಸುವ ದನಿಯ ತುಣುಕು, 1024 ಸ್ಯಾಂಪಲ್ ಇತ್ತು, ಅದರಿಂದ ಒಂದು ದಿಕ್ಕಿಗೇ ಸುಮಾರು 23 ಮಿಲಿಸೆಕೆಂಡ್ ತಡ. ಅವಳು ರೆಕಾರ್ಡಿಂಗಿಗೆ 128ಕ್ಕೆ ಇಳಿಸಿ, ಮಿಕ್ಸಿಂಗ್ ಮಾಡುವಾಗ (ಟ್ರ್ಯಾಕ್‌ಗಳನ್ನೆಲ್ಲ ಹದವಾಗಿ ಬೆರೆಸುವಾಗ) ಮತ್ತೆ ಏರಿಸು ಅಂದಳು.

ಮೇಲಿನ ಮನೆಯ ಆಂಟಿ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ! ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಕುರ್ಚಿ ಕೂಡ ಎಳೆಯದೆ ಇದ್ದಿರಿ. ಹೊರಗಿನ ಸದ್ದನ್ನು ತಡೆಯುವುದು ಬೇರೆ, ಒಳಗೆ ಪುಟಿಯುವ ಸದ್ದನ್ನು ಹೀರುವುದು ಬೇರೆ. ನಮ್ಮ ರಾಕ್‌ವೂಲ್ ಎರಡನೆಯದನ್ನಷ್ಟೇ ಮಾಡುತ್ತಿತ್ತು, ಮೊದಲನೆಯದನ್ನು ನೀವು ಮಾಡಿದಿರಿ. ಫ್ಯಾನ್, ಫ್ರಿಜ್ ಆರಿಸಿ ಸೆಕೆಯಲ್ಲಿ ಕೂತಿದ್ದ ಅಮ್ಮನಿಗೂ ಅದೇ ಋಣ.

ಮಿಕ್ಸಿಂಗ್, ಮಾಸ್ಟರಿಂಗ್ (ಬೆರೆಸಿದ ಹಾಡಿಗೆ ಕೊನೆಯ ಹದ) ಮಾಡಿಕೊಟ್ಟ ಹಿರಿಯ ಸ್ನೇಹಿತರು ನನ್ನ ಫೈಲುಗಳನ್ನು ಎರಡು ಸಲ ವಾಪಸ್ ಕಳಿಸಿದರು, ಎರಡು ಸಲವೂ ಕಾರಣ ಬಿಡಿಸಿ ಹೇಳಿದರು. ಮೊದಲ ಸಲ, ಎಲ್ಲವನ್ನೂ ಕೆಂಪು ದೀಪಕ್ಕೆ ತಾಗುವಷ್ಟು ಜೋರಾಗಿ ರೆಕಾರ್ಡ್ ಮಾಡಿದ್ದೆ. 24 ಬಿಟ್‌ನಲ್ಲಿ ಅದರ ಅಗತ್ಯವೇ ಇಲ್ಲ, ಅತಿ ಜೋರಿನ ಜಾಗವೂ ಮೈನಸ್ 10 ಡೆಸಿಬಲ್ (ದನಿ ಒಡೆಯುವ ಮಟ್ಟಕ್ಕಿಂತ 10 ಕೆಳಗೆ) ಸುತ್ತ ಇದ್ದರೆ ಸಾಕು, ಒಮ್ಮೆ ಒಡೆದ ದನಿಯನ್ನು ಸರಿಯಾಗಿ ಕೂಡಿಸುವುದು ಬಲು ಕಷ್ಟ ಅಂದರು. ಎರಡನೇ ಸಲ, ಜೋರಿನ ತುದಿಗಳನ್ನು ಒತ್ತಿಹಿಡಿಯುವ ಲಿಮಿಟರ್ ಹಾಕಿ ಹಿಂಡಿ ಮೈನಸ್ 8 ಎಲ್‌ಯುಎಫ್‌ಎಸ್‌ಗೆ ತಂದಿದ್ದೆ (ಇದು ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ, ಸೊನ್ನೆಗೆ ಹತ್ತಿರ ಹೋದಷ್ಟೂ ಜೋರು). ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ರ ಸುತ್ತ ತಂದು ಕೇಳಿಸುತ್ತದೆ, ಹಾಗಾಗಿ ಹಿಂಡಿದ ಹಾಡಿನ ಜೋರು ಅಲ್ಲಿ ಕಳೆದುಹೋಗುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಅವರು ಹಿಂಡಿದ್ದು, ಹಿಂಡದ್ದು ಎರಡನ್ನೂ ಒಂದೇ ಮಟ್ಟಕ್ಕೆ ತಂದು ಒಂದರ ಹಿಂದೆ ಒಂದು ಕೇಳಿಸಿದರು. ನನ್ನದರಲ್ಲಿ ಡ್ರಮ್ಮಿಗೆ ಪೆಟ್ಟೇ ಇರಲಿಲ್ಲ. ಸರ್, ಆ ಹತ್ತು ನಿಮಿಷದಲ್ಲಿ ಕಲಿತದ್ದನ್ನು ನಾನು ತಿಂಗಳುಗಟ್ಟಲೆ ವಿಡಿಯೋ ನೋಡಿದರೂ ಕಲಿತಿರಲಿಲ್ಲ.

ಕೊನೆಗೆ ತಮ್ಮ. ಮಾಸ್ಟರಿಂಗಿಗೆ ಎರಡು ವಾರ ಇರುವಾಗ ನನ್ನ ಹಾರ್ಡ್ ಡ್ರೈವ್ ಕೆಟ್ಟಿತು. ಎಂಟೂ ಹಾಡು ಅದರಲ್ಲೇ ಇದ್ದವು. ಅರ್ಧ ಗಂಟೆ ನನಗೆ ಕೈಕಾಲು ಆಡಲಿಲ್ಲ. ಅವನು ತನ್ನ ರೂಮಿಗೆ ಹೋಗಿ ಇನ್ನೊಂದು ಡ್ರೈವ್ ತಂದು ಮೇಜಿನ ಮೇಲಿಟ್ಟ. ಪ್ರತಿ ಭಾನುವಾರ ನಾನು ಮಲಗಿದ ಮೇಲೆ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಳ್ಳುತ್ತಿದ್ದನಂತೆ, ನನಗೆ ಗೊತ್ತೇ ಇರಲಿಲ್ಲ. ಕಳೆದುಹೋದದ್ದು ಮೂರು ದಿನದ ಕೆಲಸ ಅಷ್ಟೇ. ಈಗ ಮೂರು ಪ್ರತಿ ಇಡುತ್ತೇನೆ, ಒಂದು ಬೇರೆ ಮನೆಯಲ್ಲಿ. ಆದರೂ ನಿನ್ನ ಡ್ರೈವ್ ನಿನ್ನ ಹತ್ತಿರವೇ ಇರಲಿ ಕಣೋ, ಮುಂದಿನ ಹಾಡುಗಳನ್ನೂ ಅದರಲ್ಲೇ ಇಡೋಣ.