ಹುಮಾಯೂನನ ತೋಟದ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ದಿಲ್ಲಿಯಲ್ಲಿ ಮೊಘಲ್ ದೊರೆ ಹುಮಾಯೂನನ ಗೋರಿಯನ್ನು ನೋಡಿ ಬಂದ ಮೇಲೆ ಅದರ ಗುಮ್ಮಟದ ಬಗ್ಗೆ ಬರೆಯಬೇಕೆಂದು ಕೇಳಿದ್ದೆಯಲ್ಲ. ವಿಜಯಪುರದವನ ಮುಂದೆ ಗುಮ್ಮಟದ ಮಾತೆತ್ತಲು ಧೈರ್ಯ ಬೇಕು, ಆದರೂ ಹೇಳುತ್ತೇನೆ. ನಿಮ್ಮೂರಿನ ಗೋಲಗುಮ್ಮಟ ಒಂದೇ ಪದರದ್ದು. ಇಲ್ಲಿ ಒಳಗಿನ ಗುಮ್ಮಟ ಕೋಣೆಯ ಅಳತೆಗೆ ತಕ್ಕಂತೆ ತಗ್ಗಿನಲ್ಲೇ ಬಾಗಿದ್ದರೆ, ಅಮೃತಶಿಲೆ ಹೊದ್ದ ಹೊರಗಿನ ಗುಮ್ಮಟ ದೂರದಿಂದ ನೋಡುವವರಿಗಾಗಿ ಎತ್ತರಕ್ಕೆ ಏರುತ್ತದೆ. ನಡುವೆ ಇರುವುದು ಟೊಳ್ಳು. ಈ ಕಟ್ಟಡದ ಮೂಲೆಗಳಲ್ಲಿ ಮಿನಾರುಗಳೇ ಇಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ತೋಟ. 1556ರಲ್ಲಿ ಪುರಾನಾ ಕಿಲಾದ ಮೆಟ್ಟಿಲುಗಳಿಂದ ಬಿದ್ದು ಹುಮಾಯೂನ ತೀರಿಕೊಂಡ ಕೆಲವು ವರ್ಷಗಳ ಬಳಿಕ, ಅಕ್ಬರನ ಆಳ್ವಿಕೆಯಲ್ಲಿ, ಹಿರಿಯ ರಾಣಿ ಬೇಗಾ ಬೇಗಂ ಇದನ್ನು ಕಟ್ಟಿಸಿದಳು. ವಾಸ್ತುಶಿಲ್ಪಿ ಮೀರಕ್ ಮಿರ್ಜಾ ಘಿಯಾಸ್. ಸ್ವರ್ಗದ ಉದ್ಯಾನದ ಕಲ್ಪನೆಯನ್ನು ನೆಲಕ್ಕಿಳಿಸಿದ ಚಾರ್‌ಬಾಗ್ ಇದು. ತೋಟ ಮೊದಲು ನಾಲ್ಕು ಭಾಗವಾಗಿ, ಮತ್ತೆ ಚಿಕ್ಕ ಚಿಕ್ಕ ಚೌಕಗಳಾಗಿ ಒಡೆಯುತ್ತದೆ, ಆ ಗೆರೆಗಳ ಮೇಲೆ ನೀರಿನ ಕಿರುಗಾಲುವೆಗಳು ಹರಿಯುತ್ತವೆ. ಬ್ರಿಟಿಷರ ಕಾಲದಲ್ಲಿ ಕೆಟ್ಟಿದ್ದ ಈ ವಿನ್ಯಾಸವನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ಆಗಾ ಖಾನ್ ಟ್ರಸ್ಟ್ 2003ರ ಹೊತ್ತಿಗೆ ಸರಿಪಡಿಸಿತು. ಸುಮಾರು 3 ಕಿಲೋಮೀಟರ್ ಕಾಲುವೆಯನ್ನು ಪ್ರತಿ 40 ಮೀಟರಿಗೆ ಕೇವಲ 1 ಸೆಂಟಿಮೀಟರ್ ಇಳಿಜಾರು ಬರುವಂತೆ ಮತ್ತೆ ಕೂರಿಸಿದ ಕಲ್ಲುಕುಟಿಗರ ಕೈಗಳನ್ನು ನೆನೆದು ನನಗೆ ಮೈ ಜುಮ್ಮೆಂದಿತು.

ಅಲ್ಲಿಂದಲೇ ಒಂದು ಕಸಿವಿಸಿಯೂ ಹತ್ತಿಕೊಂಡಿತು. ಸತ್ತವನಿಗಾಗಿ ಮಾಡಿದ ಈ ತೋಟಕ್ಕೆ ಬದುಕಿದ್ದವರು ದಿಕ್ಕಿಲ್ಲದೆ ಬಂದು ಸೇರಿದ್ದಾರೆ. 1857ರ ಸೆಪ್ಟೆಂಬರಿನಲ್ಲಿ ಕೊನೆಯ ಮೊಘಲ್ ದೊರೆ ಬಹಾದೂರ್ ಶಾ ಜಫರ್ ತನ್ನ ಪೂರ್ವಜನ ಗೋರಿಯಲ್ಲಿ ಅಡಗಿದ್ದು ಇಲ್ಲೇ ಬ್ರಿಟಿಷ್ ಅಧಿಕಾರಿ ಹಾಡ್ಸನ್ನನ ಕೈಗೆ ಸಿಕ್ಕ. 1947ರಲ್ಲಿ ಪಾಕಿಸ್ತಾನಕ್ಕೆ ಹೊರಡಲಿದ್ದ ಸಾವಿರಾರು ಮುಸ್ಲಿಮರು ಇದೇ ಹುಲ್ಲಿನ ಮೇಲೆ ಶಿಬಿರ ಹೂಡಿ ಕಾದರು. ತೋಟ ಆಗ ಹಾಳಾಯಿತು ಎಂದು ಎಲ್ಲರೂ ಬರೆಯುತ್ತಾರೆ. ಹಾಳಾಗಲೇಬೇಕಿತ್ತು, ಒಲೆ ಹೂಡಿ ಮಕ್ಕಳನ್ನು ಮಲಗಿಸಲು ಅವರಿಗೆ ಬೇರೆ ಎಲ್ಲಿ ಜಾಗವಿತ್ತು? ಇಂದು ನೇರವಾಗಿ ಹರಿಯುವ ನೀರಿನಲ್ಲಿ ಆ ದಿನಗಳ ಗುರುತು ಒಂದಾದರೂ ಉಳಿದಿಲ್ಲ. ಗೋರಿಯೊಳಗೂ ಅಷ್ಟೆ: ಮೊಘಲ್ ಮನೆತನದ ನೂರಕ್ಕೂ ಹೆಚ್ಚು ಮಂದಿಯನ್ನು ಈ ಆವರಣದಲ್ಲಿ ಹೂಳಿದ್ದಾರೆ, ಹೆಚ್ಚಿನ ಸಮಾಧಿಗಳ ಮೇಲೆ ಹೆಸರಿಲ್ಲ.

ನಮ್ಮ ಅಪ್ಪನನ್ನು ಹೊಲದ ಮೂಲೆಯ ಬೇವಿನ ಬುಡದಲ್ಲಿ ಮಣ್ಣು ಮಾಡಿದ್ದು ನಿನಗೆ ಗೊತ್ತು. ಅಲ್ಲೊಂದು ಕಲ್ಲಿನ ಕಟ್ಟೆ ಕಟ್ಟಿಸಿ ಸುತ್ತಲೂ ಬೇಲಿ ಹಾಕಿಸಬೇಕೆಂದು ನಾನು ಬಹಳ ಕಾಲದಿಂದ ಹಟ ಹಿಡಿದಿದ್ದೇನೆ. ಅವ್ವ ಒಪ್ಪುತ್ತಿಲ್ಲ, ಕಳೆ ತೆಗೆಯುವ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚುವುದು ಆ ನೆರಳಿನಲ್ಲೇ, ಬೇಲಿ ಹಾಕಿದರೆ ಅವರು ಎಲ್ಲಿ ಕೂರಬೇಕು ಎನ್ನುತ್ತಾಳೆ. ಆ ಬೇಲಿ ಬೇಕಾಗಿರುವುದು ಅಪ್ಪನಿಗಲ್ಲ, ಅವನು ತೀರಿಕೊಂಡಾಗ ಊರಿನಲ್ಲಿ ಇಲ್ಲದ ನನಗೆ. ಇದನ್ನು ಅವ್ವನಿಗೂ ಹೇಳಿಲ್ಲ.

ನೀನು ಗುಮ್ಮಟದ ಬಗ್ಗೆ ಕೇಳಿದ್ದಕ್ಕೆ ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಮುಂದಿನ ಸಲ ನಾವು ಒಟ್ಟಿಗೆ ಹೋಗೋಣ. ಹಾಗೆಯೇ ಪಕ್ಕದಲ್ಲಿರುವ, ಈ ಗೋರಿಗಿಂತ ಹಳೆಯದಾದ, ಶೇರ್ ಶಾನ ಸರದಾರ ಈಸಾ ಖಾನನ ಎಂಟು ಮೂಲೆಯ ಗೋರಿಯನ್ನೂ ನೋಡಬೇಕು. ಮೊದಲು ಯಾವುದನ್ನು ನೋಡುವುದೆಂದು ಜಗಳವಾಡಲು ಈಗಲೇ ಸಿದ್ಧನಾಗು.

ನಿನ್ನ ಗೆಳೆಯ