ದುಬೈ ಸಂಬಳ: 24ರಿಂದ ಗುಣಿಸೋ ಮೊದ್ಲು ಬಾಡಿಗೆ ಕೇಳಿ

ಮಾನ್ಯ ಸಂಪಾದಕರೇ,

ಹೋದ ತಿಂಗ್ಳು ನನ್ನ ಅಕ್ಕನ ಮಗನಿಗೆ ದುಬೈಯಿಂದ ಆಫರ್ ಲೆಟರ್ ಬಂತು, ಅಕೌಂಟೆಂಟ್ ಕೆಲ್ಸ, ತಿಂಗಳಿಗೆ 8,000 ದಿರ್ಹಮ್. ಮನೇಲಿ ಎಲ್ರೂ ಮೊಬೈಲ್ ತೆಗ್ದು ಗುಣಿಸಿದ್ದೇ ಗುಣಿಸಿದ್ದು, ದಿರ್ಹಮಿಗೆ ಸುಮಾರು 24 ರೂಪಾಯಿ ಹಿಡಿದ್ರೆ 1 ಲಕ್ಷ 92 ಸಾವಿರ ಆಯ್ತು, ಸಂಬಳಕ್ಕೆ ಟ್ಯಾಕ್ಸೂ ಇಲ್ಲ, ಈಗ ಮಣಿಪಾಲದಲ್ಲಿ ಅವ್ನಿಗೆ ಸಿಗೋದು 38 ಸಾವಿರ. ಸೊಸೆ, ಮೊಮ್ಮಗಳನ್ನೂ ಒಟ್ಟಿಗೇ ಕಳಿಸ್ಬೇಕು ಅಂತ ಅಕ್ಕ ಆಗ್ಲೇ ತೀರ್ಮಾನ ಮಾಡಿ ಆಗಿತ್ತು. ನಾನು 11 ವರ್ಷ ದುಬೈಯಲ್ಲಿ ದುಡಿದು ಊರಿಗೆ ಬಂದವ, ಹಾಗಾಗಿ ಒಂದು ಸಂಜೆ ಅವನನ್ನ ಕೂರಿಸ್ಕೊಂಡು ಪೂರ್ತಿ ಲೆಕ್ಕ ಬರೆದೆವು, ನಮ್ಮ ಕರಾವಳಿಯ ಬೇರೆ ಮನೆಗಳಿಗೂ ಅದು ಬೇಕಾಗಬಹುದು ಅಂತ ಈ ಪತ್ರ.

ಅಲ್ಲಿ ಬಾಡಿಗೆ ಹೇಳೋದು ತಿಂಗಳಿಗಲ್ಲ, ವರ್ಷಕ್ಕೆ. ಎರಡೋ ನಾಲ್ಕೋ ಚೆಕ್ ಮೊದಲೇ ಬರೆದು ಕೊಡ್ಬೇಕು. ದುಬೈಯ ಅಲ್ ಕುಸೈಸ್‌ನಲ್ಲಿ ಅವ್ನು ವಿಚಾರಿಸಿದ ಒಂದು ರೂಮು, ಒಂದು ಹಾಲ್ ಇರೋ ಮನೆಗೆ ವರ್ಷಕ್ಕೆ 60,000 ಹೇಳಿದ್ರಂತೆ. ನಾಲ್ಕು ಚೆಕ್ ಅಂದ್ರೆ ಮೊದಲನೇದೇ 15,000, ಏಜೆಂಟ್ ಕಮಿಷನ್ 5 ಪರ್ಸೆಂಟ್ ಅಂದ್ರೆ 3,000, ಮನೆ ಡೆಪಾಸಿಟ್ಟೂ ಅಷ್ಟೇ 3,000, ಕರೆಂಟು ನೀರಿನ ಡೆಪಾಸಿಟ್ 2,000. ಒಂದು ಸಂಬಳ ಕೈಗೆ ಬರೋ ಮೊದ್ಲೇ 23,000 ದಿರ್ಹಮ್, ನಮ್ಮ ದುಡ್ಡಲ್ಲಿ ಐದೂವರೆ ಲಕ್ಷ, ಇನ್ನೂ ಒಂದು ಮಂಚ ತಗೊಂಡಿಲ್ಲ, ಗ್ಯಾಸ್ ಸ್ಟವ್ ತಗೊಂಡಿಲ್ಲ.

ಆಮೇಲೆ ತಿಂಗಳ ಖರ್ಚು. ಬಾಡಿಗೆ ಪಾಲು 5,000. ವರ್ಷದ ಬಾಡಿಗೆಯ 5 ಪರ್ಸೆಂಟ್ ಹೌಸಿಂಗ್ ಫೀ ಅಂತ ಕರೆಂಟ್ ಬಿಲ್ಲಲ್ಲೇ ಸೇರಿಸಿ ತಗೊಳ್ತಾರೆ, ಅದು 250, ಇದು ಹೋಗೋವ್ರಿಗೆ ಗೊತ್ತೇ ಇರಲ್ಲ. ಏಸಿ ಇಲ್ಲದೆ ಬೇಸಿಗೆ ಕಳೆಯೋಕಾಗದ ಊರು, ಕರೆಂಟು ನೀರು 400 ಹಿಡಿದೆವು, ಇಂಟರ್ನೆಟ್ 350. ಮಗು ಕೆಜಿ ಫೀಸು ಸ್ಕೂಲ್ ಬಸ್ಸು ಸೇರಿ 1,000, ಊಟ ತಿಂಡಿ 1,500. ಕೂಡಿಸಿದ್ರೆ 8,500. ಅವ್ನ ಓಡಾಟ, ಫೋನು, ಹೆಂಡತಿ ಮಗುವಿನ ಇನ್ಶೂರೆನ್ಸು, ಊರಿಗೆ ಬರೋ ಟಿಕೆಟು ಯಾವುದೂ ಇದರಲ್ಲಿ ಸೇರಿಲ್ಲ. ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಮ್ಮಿ ನಿಜ, ಆದ್ರೆ ದಿನಾ ಬೆಳಿಗ್ಗೆ ಸಂಜೆ ಆ ಟ್ರಾಫಿಕ್‌ನಲ್ಲಿ ಕೂತವರಿಗೆ ಗೊತ್ತು ಉಳಿದದ್ದು ಎಲ್ಲಿ ಹೋಗ್ತದೆ ಅಂತ, ಕಾರಲ್ಲಿ ಹೋದ್ರೆ ಟೋಲ್ ಬೇರೆ, ರಶ್ ಟೈಮಲ್ಲಿ ಒಂದು ಗೇಟಿಗೆ 6 ದಿರ್ಹಮ್.

ಸಂಬಳ 4,000 ಇದ್ರೆ ಫ್ಯಾಮಿಲಿ ವೀಸಾ ಮಾಡ್ಬಹುದು ಅಂತ ಅಲ್ಲಿನ ನಿಯಮ. ವೀಸಾ ಆಗ್ತದೆ ಅಂದ್ರೆ ಸಂಸಾರ ನಡೀತದೆ ಅಂತ ಅಲ್ಲ, ನಾನು 2008ರಲ್ಲಿ ಹಾಗೇ ತಿಳ್ಕೊಂಡು ಹೆಂಡತಿ ಮಗಳನ್ನ ಕರ್ಕೊಂಡು ಹೋದೆ, ಮೊದಲನೇ ಚೆಕ್ಕಿಗೆ ಅವಳ ಬಳೆ ಊರಿನ ಸೊಸೈಟಿಯಲ್ಲಿ ಅಡವಿಟ್ಟೆ, ಮುಂದಿನ ಚೆಕ್ಕಿಗೆ ಕ್ರೆಡಿಟ್ ಕಾರ್ಡ್. 14 ತಿಂಗಳಿಗೆ ಅವರಿಬ್ರನ್ನೂ ವಾಪಸ್ ಕಳಿಸಿ ನಾನು ದುಬೈಯ ಕರಾಮದಲ್ಲಿ ಬೆಡ್ ಸ್ಪೇಸಿಗೆ, ಅಂದ್ರೆ ಹಂಚಿಕೊಂಡ ರೂಮಲ್ಲಿ ಒಂದು ಮಂಚದ ಜಾಗಕ್ಕೆ ಹೋದೆ. ಮಗಳು ಏರ್‌ಪೋರ್ಟಲ್ಲಿ ನನ್ನ ಬೆರಳು ಬಿಡ್ಲಿಲ್ಲ, ಅದು ಈಗ್ಲೂ ನೆನಪಾಗ್ತದೆ.

ಅದೇ 8,000 ಒಬ್ಬನೇ ಹೋಗೋದಾದ್ರೆ ಒಳ್ಳೆ ಸಂಬಳ. ಬೆಡ್ ಸ್ಪೇಸ್ 1,000, ಊಟ 900, ಮೆಟ್ರೋ ಬಸ್ ಪಾಸ್ 350, ಫೋನು 150 ತೆಗೆದ್ರೂ 5,600 ಉಳೀತದೆ, ನಮ್ಮ ದುಡ್ಡಲ್ಲಿ 1 ಲಕ್ಷದ 34 ಸಾವಿರ.

ಇನ್ನೊಂದು ವಿಷ್ಯ, ಬೇಸಿಕ್, ಅಂದ್ರೆ ಮೂಲ ಸಂಬಳ, ಎಷ್ಟು ಅಂತ ನೋಡಿ. ಅವ್ನ ಲೆಟರಲ್ಲಿ 8,000ದಲ್ಲಿ ಬೇಸಿಕ್ ಬರೀ 3,200, ಉಳಿದದ್ದೆಲ್ಲ ಅಲವನ್ಸ್. ಕೆಲ್ಸ ಬಿಡುವಾಗ ಸಿಗೋ ಗ್ರಾಚ್ಯುಟಿ ಬೇಸಿಕ್ ಮೇಲೇ ಲೆಕ್ಕ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. 3,200ಕ್ಕೆ ಐದು ವರ್ಷಕ್ಕೆ 11,200 ಬರ್ತದೆ, ಬೇಸಿಕ್ 5,000 ಇದ್ದಿದ್ರೆ 17,500. ಮತ್ತೆ ಯಾರಾದ್ರೂ ಏಜೆಂಟ್ ವೀಸಾಕ್ಕೆ ಅಂತ ದುಡ್ಡು ಕೇಳಿದ್ರೆ ಕೊಡ್ಬೇಡಿ, ಅಲ್ಲಿನ ಕಾನೂನಿನ ಪ್ರಕಾರ ಅದು ಕಂಪನಿಯೇ ಹಾಕ್ಬೇಕಾದ ಖರ್ಚು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ, ಗಲ್ಫ್ ಕೆಲಸದ ಜಾಹೀರಾತಲ್ಲಿ ಒಟ್ಟು ಸಂಬಳದ ಜೊತೆ ಬೇಸಿಕ್ ಎಷ್ಟು, ಮನೆ ಕಂಪನಿ ಕೊಡ್ತದಾ ಸ್ವಂತ ಖರ್ಚಾ, ಇವೆರಡನ್ನೂ ಹಾಕಿಸಿ. ನಮ್ಮ ಹುಡುಗ ಬೇಸಿಕ್ ಜಾಸ್ತಿ ಮಾಡಿ, ಮೊದಲ ಮೂರು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಡಿ ಅಂತ ಕಂಪನಿಗೆ ಮೇಲ್ ಹಾಕಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಹೋಗೋದಾದ್ರೆ ಮೊದಲ ವರ್ಷ ಒಬ್ಬನೇ ಹೋಗೋದು ಅಂತ ಆಗಿದೆ, ಅಕ್ಕನಿಗೆ ಬೇಜಾರಿದೆ, ಸೊಸೆ ಮಾತ್ರ ಲೆಕ್ಕದ ಹಾಳೆ ತಗೊಂಡು ತನ್ನ ಬೀರುವಿನಲ್ಲಿ ಇಟ್ಕೊಂಡಿದ್ದಾಳೆ.

ಇತಿ,
ಒಬ್ಬ ಓದುಗ, ಕುಂದಾಪುರ ತಾಲೂಕು