ಪಿಯುಸಿ ಮನಃಶಾಸ್ತ್ರಕ್ಕೆ ಪ್ರಯೋಗಾಲಯ ಬೇಕು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯು ಪ್ರವೇಶ ಶುರುವಾಗುವ ಹೊತ್ತಿಗೆ ಮದ್ದೂರು, ಮಳವಳ್ಳಿ ಕಡೆಯ ಪೋಷಕರು ನನ್ನನ್ನು ಕೇಳುವುದು ಬಹುಮಟ್ಟಿಗೆ ಒಂದೇ ಮಾತು: ಕಲಾ ವಿಭಾಗದಲ್ಲಿ ಮನಃಶಾಸ್ತ್ರ ತೆಗೆದುಕೊಂಡರೆ ಅಂಕ ಸಲೀಸಾಗಿ ಬರುತ್ತದೆಯೇ? ಈ ವಿಷಯದಲ್ಲಿ 30 ಅಂಕಗಳು ಪ್ರಾಯೋಗಿಕ ಪರೀಕ್ಷೆಗೆ ಮೀಸಲಾಗಿರುವುದೇ ಈ ಆಸೆಗೆ ಕಾರಣ. ಪ್ರಯೋಗವನ್ನು ಮಾಡದೆಯೇ ರೆಕಾರ್ಡ್ ಪುಸ್ತಕವನ್ನು ನೋಡಿ ಬರೆದು ಆ ಅಂಕಗಳನ್ನು ಪಡೆಯುವಂತಾದರೆ ಮಕ್ಕಳಿಗೆ ನಷ್ಟವಾಗುವುದು ಈ ವಿಷಯದ ತಿರುಳೇ.

ಕನ್ನಡಿ ಚಿತ್ರಣದ ಪ್ರಯೋಗವನ್ನೇ ನೋಡಿ. ಕೈ ಕಾಣದಂತೆ ಅಡ್ಡ ಫಲಕವಿಟ್ಟು, ಕನ್ನಡಿಯಲ್ಲಿನ ಬಿಂಬವನ್ನು ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸಬೇಕು. ಮೊದಲ ಸಲ ಮೂಲೆ ಬಂದೊಡನೆ ಕೈ ತಡವರಿಸಿ, ತಿದ್ದಲು ಹೋದಷ್ಟೂ ಗೆರೆ ದಾಟುತ್ತದೆ. ಬಲಗೈಯಲ್ಲಿ ಕೆಲವು ಸಲ ಅಭ್ಯಾಸ ಮಾಡಿದ ಮೇಲೆ, ಅಭ್ಯಾಸವೇ ಇಲ್ಲದ ಎಡಗೈಯ ತಪ್ಪುಗಳೂ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಒಂದು ಕೈಯ ಕಲಿಕೆ ಇನ್ನೊಂದಕ್ಕೆ ವರ್ಗಾವಣೆಯಾಗುವುದನ್ನು ತಾನೇ ಎಣಿಸಿ ಬರೆದ ವಿದ್ಯಾರ್ಥಿನಿಗೆ ಅದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು, ಎಷ್ಟು ಮರೆತೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ ಫಲಿತಾಂಶವೂ ಹೀಗೆಯೇ. ಮರೆವು ಕಲಿತ ಕೆಲವೇ ಗಂಟೆಗಳಲ್ಲಿ ಅತಿ ವೇಗವಾಗಿರುತ್ತದೆ, ಬಿಡುವು ಕೊಟ್ಟು ಓದಿದ್ದು ಹೆಚ್ಚು ಕಾಲ ನಿಲ್ಲುತ್ತದೆ ಎಂಬುದನ್ನು ತರಗತಿಯಲ್ಲೇ ಪರೀಕ್ಷಿಸಿ ಕಂಡವರು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವುದನ್ನು ತಾವಾಗಿಯೇ ಪ್ರಶ್ನಿಸುತ್ತಾರೆ.

ನಮ್ಮ ಭಾಗಕ್ಕೆ ಇದೇನೂ ಹೊಸ ವಿದ್ಯೆಯಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಲಂಡನ್ನಿನಲ್ಲಿ ಹೆಸರಾಂತ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಡಾ. ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಪ್ರಸಾರ ಆರಂಭಿಸಿದ ಅವರನ್ನು ಜನ ಬಾನುಲಿಯ ಜೊತೆಗೇ ನೆನೆಯುತ್ತಾರೆ. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದೂ ನಮ್ಮ ಮಕ್ಕಳಿಗೆ ತಿಳಿಯಬೇಕು. ಇಂತಹ ಪರಂಪರೆಯಿರುವ ಊರಿನಿಂದ ಒಂದು ಗಂಟೆಯ ಬಸ್ ದಾರಿಯಲ್ಲಿರುವ ಹಳ್ಳಿಯ ಹುಡುಗಿಗೆ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಈ ವಿಷಯ ಸಿಗದೆ, ಬೇರೆ ಸಂಯೋಜನೆಗೆ ಸೇರಬೇಕಾಗಿ ಬರುವುದು ನನಗೆ ಬಹಳ ನೋವಿನ ಸಂಗತಿ.

ಪಿಯುಸಿಯಲ್ಲಿ ಮನಃಶಾಸ್ತ್ರ ಓದಿದವರು ಆಪ್ತಸಲಹೆಗಾರರಾಗಿಬಿಡುವುದಿಲ್ಲ. ಅದಕ್ಕೆ ಮುಂದೆ ದೀರ್ಘವಾದ ವ್ಯಾಸಂಗ ಮತ್ತು ತರಬೇತಿ ಬೇಕು. ಆದರೆ ಖಿನ್ನತೆ ಸೋಮಾರಿತನವಲ್ಲ, ಅದಕ್ಕೆ ಚಿಕಿತ್ಸೆಯಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು ಎಂಬಷ್ಟು ತಿಳಿದ ಒಬ್ಬರು ಮನೆಯಲ್ಲಿದ್ದರೆ ಹರಕೆ, ಮಂತ್ರವಾದಿಗಳ ಸುತ್ತಾಟದಲ್ಲಿ ಕಳೆದುಹೋಗುವ ತಿಂಗಳುಗಳು ಉಳಿಯುತ್ತವೆ.

ಆದ್ದರಿಂದ ಮುಂದಿನ ಪ್ರವೇಶಾತಿಗೆ ಮುನ್ನ ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಪ್ರತಿ ತಾಲ್ಲೂಕಿನಲ್ಲಿ ಕನಿಷ್ಠ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಾದರೂ ಮನಃಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರನ್ನೂ ಪ್ರಯೋಗಾಲಯವನ್ನೂ ಒದಗಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ. ಕನ್ನಡಿ, ದಾರಿ ಹುಡುಕುವ ಜಟಿಲಪಥ ಫಲಕ, ನಿಲ್ಲಿಸು ಗಡಿಯಾರ (ಸ್ಟಾಪ್‌ವಾಚ್) ಇವ್ಯಾವುವೂ ದುಬಾರಿ ಸಾಮಗ್ರಿಗಳಲ್ಲ.

– ನಿವೃತ್ತ ಮನಃಶಾಸ್ತ್ರ ಉಪನ್ಯಾಸಕ, ಮಂಡ್ಯ